ಅಲೆಘೆನಿ ಕೌಂಟಿಯ ನ್ಯಾಯಮಂದಿರ: ಅದರ ವಾಸ್ತುವೂ ಸಂರಕ್ಷಣೆಯೂ

೧

ಪ್ರಾಚೀನ ಗ್ರಂಥವೊಂದನ್ನು ಪರಿಷ್ಕರಿಸಲು ಹೊರಟ ಪಂಡಿತನಿಗೆ ಯಾವ ಪ್ರಶ್ನೆಗಳು ಎದುರಾಗುವುವೋ, ಹಳೆಯ ಕಟ್ಟಡವೊಂದನ್ನು ಉಳಿಸಲು ಹೊರಟವನಿಗೂ ಹೆಚ್ಚು ಕಡಮೆ ಅವೇ ಪ್ರಶ್ನೆಗಳು ಎದುರಾಗುವುವು. ಕರ್ತೃವಿನ ಮೂಲಪಾಠ ಯಾವುದು, ತರುವಾಯದವರು ಸೇರಿಸಿದುದು ಯಾವುದು, ಸೇರಿದುದನ್ನು ಕಿತ್ತು ಹಾಕಬೇಕೆ ಅಥವಾ ಗುರುತು ಮಾಡಿ ಉಳಿಸಬೇಕೆ, ನಷ್ಟವಾದ ಭಾಗವನ್ನು ಊಹೆಯಿಂದ ತುಂಬುವುದು ನ್ಯಾಯವೆ—ಇವೇ ಆ ಪ್ರಶ್ನೆಗಳು. ಆದರೆ ಗ್ರಂಥಸಂಪಾದಕನಿಗೆ ಒಂದು ಅನುಕೂಲವುಂಟು. ಅವನು ಒಂದು ಪಾಠವನ್ನು ಅಂಗೀಕರಿಸಿ ಇನ್ನೊಂದನ್ನು ತಳ್ಳಿದರೂ ಓಲೆಯ ಪ್ರತಿಗಳು ಭಂಡಾರದಲ್ಲಿ ಹಾಗೆಯೇ ಉಳಿದಿರುವುವು. ಮುಂದಿನವರು ಅವನ್ನು ನೋಡಿ ಅವನ ತೀರ್ಪನ್ನು ತಿದ್ದಬಹುದು. ಕಟ್ಟಡಕ್ಕಾದರೋ ಪ್ರತಿ ಒಂದೇ. ಅದರಿಂದ ತೆಗೆದ ಕಲ್ಲು ತೆಗೆದಂತೆಯೇ.

ಈ ವಿಚಾರವನ್ನು ಒಂದು ನಿದರ್ಶನದಿಂದ ವಿಶದಪಡಿಸುವುದು ಈ ಲೇಖನದ ಉದ್ದೇಶ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಪೆನ್ಸಿಲ್ವೇನಿಯದ ಪಿಟ್ಸ್‌ಬರ್ಗ್ ನಗರದಲ್ಲಿ ಅಲೆಘೆನಿ ಕೌಂಟಿಯ ನ್ಯಾಯಮಂದಿರವೂ ಅದಕ್ಕೆ ಸೇರಿದ ಸೆರೆಮನೆಯೂ ಇವೆ. ೧೮೮೪ರಿಂದ ೧೮೮೮ರವರೆಗೆ ಕಟ್ಟಲ್ಪಟ್ಟ ಇವುಗಳ ಸ್ಥಪತಿ ಹೆನ್ರಿ ಹಾಬ್‌ಸನ್ ರಿಚರ್ಡ್‌ಸನ್. ಆ ದೇಶದ ವಾಸ್ತುಕಲೆಯ ಚರಿತ್ರೆಯನ್ನು ಬರೆದವರೆಲ್ಲರೂ ಈ ಕೃತಿಯ ಮುಂದೆ ಒಂದು ಗಳಿಗೆ ನಿಂತೇ ಹೋಗಿದ್ದಾರೆ. ನಮಗೆ ಇದು ಮುಖ್ಯವಾಗುವುದು ಅದರ ಸೊಬಗಿನಿಂದ ಮಾತ್ರವಲ್ಲ. ಕಟ್ಟಡದ ಒಂದು ಕಲ್ಲೂ ಬೀಳದೆ ಇರುವಾಗಲೇ ಅದರ ಅರ್ಥವು ಹೇಗೆ ಕೆಡಬಹುದೆಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳವಾದುದರಿಂದ.

ಕೌಂಟಿ ಎಂಬುದು ಸಂಸ್ಥಾನದ ಒಂದು ಆಡಳಿತ ವಿಭಾಗ. ನಮ್ಮ ಜಿಲ್ಲೆಯನ್ನು ಹೋಲುವುದು. ಆದರೆ ಅದರ ಆಡಳಿತಗಾರರೂ ಅನೇಕ ಅಧಿಕಾರಿಗಳೂ ಜನರಿಂದಲೇ ಚುನಾಯಿತರಾಗುವರು. ಅಮೆರಿಕದಲ್ಲಿ ಕೌಂಟಿಯ ನ್ಯಾಯಮಂದಿರವೆಂದರೆ ಮೊಕದ್ದಮೆ ನಡೆಯುವ ಸ್ಥಳವಷ್ಟೇ ಅಲ್ಲ. ಭೂಮಿಯ ಕ್ರಯಪತ್ರಗಳು, ಮರಣಶಾಸನಗಳು, ವಿವಾಹದ ಪರವಾನಗಿಗಳು, ತೆರಿಗೆಯ ಲೆಕ್ಕಗಳು—ಇವೇ ಮೊದಲಾದ ದಾಖಲೆಗಳಿಗೆಲ್ಲ ಅದೇ ಮನೆ. ಆದುದರಿಂದ ಸಾಧಾರಣ ಗೃಹಸ್ಥನೊಬ್ಬನು ತನ್ನ ಬಾಳಿನಲ್ಲಿ ಒಂದು ಸಲವಾದರೂ ಅದರ ಬಾಗಿಲನ್ನು ದಾಟಿರುತ್ತಾನೆ. ಆ ಬಾಗಿಲಿನ ವಿಚಾರವನ್ನು ಮುಂದೆ ಹೇಳಬೇಕಾಗಿದೆ.

೨

ಅಲೆಘೆನಿ ಮತ್ತು ಮೊನೊಂಗಹೀಲ ಎಂಬ ಎರಡು ನದಿಗಳು ಕೂಡಿ ಒಹಾಯೊ ನದಿಯಾಗುವ ಸಂಗಮಸ್ಥಾನದಲ್ಲಿ ಪಿಟ್ಸ್‌ಬರ್ಗ್ ನಿಂತಿದೆ. ಸಂಗಮದ ಹಿಂದೆ ಒಂದು ದಿಣ್ಣೆ. ೧೭೫೮ರಲ್ಲಿ ಮೇಜರ್ ಜೇಮ್ಸ್ ಗ್ರ್ಯಾಂಟ್ ಎಂಬ ಬ್ರಿಟಿಷ್ ಸೇನಾನಿಯು ಫ್ರೆಂಚರಿಂದಲೂ ಅವರ ಪಕ್ಷದ ಮೂಲನಿವಾಸಿಗಳಿಂದಲೂ ಅಲ್ಲಿ ಸೋತನಾದ ಕಾರಣ ಅದಕ್ಕೆ ಗ್ರ್ಯಾಂಟನ ಗುಡ್ಡವೆಂಬ ಹೆಸರು ನಿಂತಿತು. ಕೌಂಟಿಯು ೧೭೮೮ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ನ್ಯಾಯಮಂದಿರವು ಕೆಳಗಿನ ಪೇಟೆಯ ಚೌಕದಲ್ಲಿದ್ದಿತು. ಎರಡನೆಯದನ್ನು ಜಾನ್ ಚಿಸ್‌ಲೆಟ್ ಎಂಬ ಸ್ಥಪತಿಯು ಗ್ರೀಕ್ ಮಾದರಿಯಲ್ಲಿ ಗುಡ್ಡದ ಮೇಲೆ ಕಟ್ಟಿ ೧೮೪೧ರಲ್ಲಿ ಮುಗಿಸಿದನು. ಊರಿನ ಎಲ್ಲ ಕಡೆಯಿಂದಲೂ ಕಾಣುವಂತೆ ನ್ಯಾಯಸ್ಥಾನವು ಎತ್ತರದಲ್ಲಿರಬೇಕೆಂಬ ಅಭಿಪ್ರಾಯವು ಆಗಲೇ ಬೇರೂರಿತ್ತೆಂದು ಇದರಿಂದ ತಿಳಿಯುವುದು.

೧೮೮೨ನೆಯ ಇಸವಿಯ ಮೇ ತಿಂಗಳಿನಲ್ಲಿ ಈ ಎರಡನೆಯ ಮಂದಿರವು ಬೆಂಕಿಗೆ ಆಹುತಿಯಾಯಿತು. ಉಕ್ಕು, ಕಬ್ಬಿಣ, ಗಾಜುಗಳ ಕೈಗಾರಿಕೆಯಿಂದ ನಗರವು ಐಶ್ವರ್ಯದ ಶಿಖರಕ್ಕೇರುತ್ತಿದ್ದ ಕಾಲವದು. ಅದೇ ಸ್ಥಳದಲ್ಲಿ ಹೊಸದನ್ನು ಕಟ್ಟಿಸಲು ನಿಶ್ಚಯಿಸಿದ ಕೌಂಟಿಯ ಅಧಿಕಾರಿಗಳು ಕೆಲವರು ಸ್ಥಪತಿಗಳಿಂದ ನಕ್ಷೆಗಳನ್ನು ತರಿಸಿ ೧೮೮೪ರಲ್ಲಿ ರಿಚರ್ಡ್‌ಸನ್ನನನ್ನು ಆರಿಸಿದರು.

ರಿಚರ್ಡ್‌ಸನ್ ೧೮೩೮ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿದವನು. ಹಾರ್ವರ್ಡಿನಲ್ಲಿ ಓದಿ, ಪ್ಯಾರಿಸ್ಸಿನ ಲಲಿತಕಲಾ ವಿದ್ಯಾಲಯದಲ್ಲಿ ವಾಸ್ತುವಿದ್ಯೆಯನ್ನು ಕಲಿತವನು. ಬಾಸ್ಟನ್ ನಗರದ ಟ್ರಿನಿಟಿ ಚರ್ಚು ೧೮೭೭ರಲ್ಲಿ ಮುಗಿದ ಮೇಲೆ ಅವನ ಕೀರ್ತಿ ದೇಶವನ್ನೆಲ್ಲ ವ್ಯಾಪಿಸಿತು. ಪಿಟ್ಸ್‌ಬರ್ಗಿನ ಕೆಲಸ ಕೈಗೆ ಬಂದಾಗ ಅವನು ಮೂತ್ರಪಿಂಡದ ವ್ಯಾಧಿಯಿಂದ ಬಳಲುತ್ತಿದ್ದನು. ಈ ನ್ಯಾಯಮಂದಿರ ಮತ್ತು ಚಿಕಾಗೋ ನಗರದ ಮಾರ್ಷಲ್ ಫೀಲ್ಡ್ ಸಗಟು ಮಳಿಗೆ, ಇವೆರಡರಿಂದಲೇ ಮುಂದಿನ ಕಾಲ ತನ್ನನ್ನು ಅಳೆಯಬೇಕೆಂದು ಅವನು ಬಯಸಿದ್ದನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಎರಡನ್ನೂ ಪೂರ್ಣವಾಗಿ ಕಾಣುವ ಯೋಗ ಅವನಿಗೆ ಒದಗಲಿಲ್ಲ. ೧೮೮೬ರ ಏಪ್ರಿಲ್ ೨೭ರಂದು, ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಅವನ ಕಾರ್ಯಾಲಯದಲ್ಲಿದ್ದ ಶೆಪ್ಲಿ, ರೂಟನ್ ಮತ್ತು ಕೂಲಿಡ್ಜ್ ಎಂಬವರು ಗುರುವಿನ ನಕ್ಷೆಗಳನ್ನು ಅನುಸರಿಸಿ ಕೆಲಸವನ್ನು ಸಾಗಿಸಿದರು. ಕಟ್ಟಿದವರು ನಾರ್‌ಕ್ರಾಸ್ ಸೋದರರೆಂಬ ಗುತ್ತಿಗೆದಾರರು. ಸೆರೆಮನೆ ೧೮೮೬ರಲ್ಲಿಯೂ ನ್ಯಾಯಮಂದಿರ ೧೮೮೮ರಲ್ಲಿಯೂ ಸಿದ್ಧವಾದುವು.

೩

ಯೂರೋಪಿನಲ್ಲಿ ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ, ಗಾಥಿಕ್ ಶೈಲಿ ಹುಟ್ಟುವುದಕ್ಕೆ ಮುಂಚೆ, ರೋಮನೆಸ್ಕ್ ಎಂಬ ಶೈಲಿ ಪ್ರಚಾರದಲ್ಲಿದ್ದಿತು. ದಪ್ಪ ಗೋಡೆ, ಅರ್ಧವೃತ್ತಾಕಾರದ ಕಮಾನು, ಗಿಡ್ಡವಾದ ಕಂಬ—ಇವು ಅದರ ಲಕ್ಷಣಗಳು. ರಿಚರ್ಡ್‌ಸನ್ ಈ ಶೈಲಿಯನ್ನು ತನ್ನದಾಗಿ ಮಾಡಿಕೊಂಡನು. ತನ್ನದಾಗಿ ಎಂದು ಹೇಳುವುದಕ್ಕೆ ಕಾರಣವುಂಟು: ಅವನು ಹಳೆಯ ಚರ್ಚುಗಳ ಅಲಂಕಾರವನ್ನು ಪ್ರತಿಮಾಡಲಿಲ್ಲ, ಕಲ್ಲಿನ ಭಾರವನ್ನೇ ಅಲಂಕಾರವಾಗಿ ಎಣಿಸುವ ಅವುಗಳ ಮನೋಧರ್ಮವನ್ನು ಹಿಡಿದನು. ಆದುದರಿಂದಲೇ ಆ ದೇಶದವರು ಇದನ್ನು ಬರಿಯ ರೋಮನೆಸ್ಕ್ ಎನ್ನದೆ ರಿಚರ್ಡ್‌ಸನ್ನನ ರೋಮನೆಸ್ಕ್ ಎಂದು ಕರೆಯುವುದು.

ನ್ಯಾಯಮಂದಿರವು ಮ್ಯಾಸಚೂಸೆಟ್ಸ್ ಸಂಸ್ಥಾನದ ಮಿಲ್‌ಫರ್ಡಿನಿಂದ ತಂದ, ನಸುಗೆಂಪು ಬೆರೆತ ಬೂದುಬಣ್ಣದ ಗ್ರಾನೈಟ್ ಶಿಲೆಯಿಂದ ಆದುದು. ಹೊರಮೈಯ ಕಲ್ಲುಗಳನ್ನು ನುಣುಪು ಮಾಡಿಲ್ಲ. ಗಣಿಯಲ್ಲಿ ಒಡೆದ ಮುಖವನ್ನೇ ಬೆಳಕಿಗೆ ತೋರುವಂತೆ ಜೋಡಿಸಿದೆ. ಸಂದುಗಳು ಮಾತ್ರ ನೇರವಾಗಿಯೂ ಬಿಗಿಯಾಗಿಯೂ ಇವೆ. ಆದುದರಿಂದ ದೂರಕ್ಕೆ ಶಿಸ್ತೂ ಹತ್ತಿರಕ್ಕೆ ಒರಟೂ ಏಕಕಾಲದಲ್ಲಿ ತೋರುವುವು. ನಮ್ಮ ನಾಡಿನ ಕೋಟೆಗೋಡೆಗಳನ್ನು ನೋಡಿ ಬಲ್ಲವರಿಗೆ ಈ ಗುಣವನ್ನು ವಿವರಿಸಬೇಕಾದುದಿಲ್ಲ.

ವಿನ್ಯಾಸವು ಸರಳವಾದುದು. ನಾಲ್ಕು ಅಂಕಣಗಳು ಒಂದು ವಿಶಾಲವಾದ ಒಳಅಂಗಳವನ್ನು ಸುತ್ತುವರಿದಿವೆ. ನಮ್ಮ ತೊಟ್ಟಿಯ ಮನೆಯ ಕ್ರಮವನ್ನು ದೊಡ್ಡ ಅಳತೆಯಲ್ಲಿ ಭಾವಿಸಿಕೊಂಡರೆ ಸಾಕು. ವಿದ್ಯುದ್ದೀಪವು ಇನ್ನೂ ಬಾಲ್ಯದಲ್ಲಿದ್ದ ಆ ಕಾಲದಲ್ಲಿ ಇಷ್ಟು ದೊಡ್ಡ ಕಟ್ಟಡಕ್ಕೆ ಹಗಲಿನ ಬೆಳಕನ್ನು ಒದಗಿಸುವುದು ದೊಡ್ಡ ಸಮಸ್ಯೆ. ಅಂಗಳವಿರುವುದರಿಂದ ಬೀದಿಯ ಕಡೆಯಿಂದಲೂ ಒಳಗಡೆಯಿಂದಲೂ ಬೆಳಕು ಬರುವುದು. ಮೇಲಾಗಿ, ಬೀದಿಯ ಗದ್ದಲದಿಂದ ದೂರವಾದ ಒಂದು ಮೌನಸ್ಥಾನವು ನಗರದ ನಡುವೆ ದೊರೆತಂತಾಯಿತು. ಅಂಗಳದ ಕಡೆಯ ಗೋಡೆಗಳಲ್ಲಿ ಕಮಾನುಗಳ ಸಾಲುಗಳು ಒಂದರ ಮೇಲೊಂದು ಏರಿವೆ. ಕೆಳಗಿನವು ಅಗಲ, ಮೇಲಿನವು ಕಿರಿದು. ಭಾರವು ಮೇಲೇರುತ್ತ ಹಗುರವಾಗುವುದನ್ನು ಕಣ್ಣು ತಾನಾಗಿ ಓದಿಕೊಳ್ಳುವುದು. ಈ ಒಳಮುಖವು ಹೊರಮುಖಕ್ಕಿಂತಲೂ ಉತ್ತಮವೆಂದು ಬಲ್ಲವರು ಅನೇಕರು ಅಭಿಪ್ರಾಯಪಟ್ಟಿದ್ದಾರೆ.

ಗ್ರ್ಯಾಂಟ್ ಬೀದಿಯ ಕಡೆಯ ಮುಖಭಾಗದ ನಡುವೆ ಒಂದು ಮಹಾಗೋಪುರವಿದೆ. ಇದು ಬರಿಯ ಆಡಂಬರವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಇದು ಕಟ್ಟಡದ ನಾಸಿಕ. ಕಲ್ಲಿದ್ದಲಿನ ಹೊಗೆಯು ಹಗಲನ್ನು ಇರುಳಾಗಿಸುತ್ತಿದ್ದ ಪಟ್ಟಣದಲ್ಲಿ ಬೀದಿಯ ಮಟ್ಟದ ಗಾಳಿಯನ್ನು ಒಳಕ್ಕೆ ಬಿಟ್ಟುಕೊಳ್ಳುವಂತಿರಲಿಲ್ಲ. ಆದುದರಿಂದ ಗೋಪುರದ ತುದಿಯಲ್ಲಿ, ಹೊಗೆಯ ಪದರದ ಮೇಲಿನ ಗಾಳಿಯನ್ನು ಸೆಳೆದು, ಕೆಳಕ್ಕೆ ಇಳಿಸಿ, ಕೊಠಡಿಗಳಿಗೆ ಹಂಚುವ ಏರ್ಪಾಡು ಮಾಡಲ್ಪಟ್ಟಿತು. ಹಿಂಭಾಗದ ಎರಡು ಕಿರುಗೋಪುರಗಳು ಕೆಟ್ಟ ಗಾಳಿಯನ್ನು ಹೊರಕ್ಕೆ ಬಿಡುವ ದಾರಿಗಳು. ಪ್ರಯೋಜನವೂ ಗಾಂಭೀರ್ಯವೂ ಒಂದೇ ಅಂಗದಲ್ಲಿ ಕೂಡಿಕೊಂಡಿರುವುದು ಈ ಸ್ಥಪತಿಯ ಪ್ರತಿಭೆಗೆ ಸಾಕ್ಷಿ.

ಒಳಗೆ ನೋಡತಕ್ಕದ್ದು ಮಹಾಸೋಪಾನ. ಒಂದರ ಹಿಂದೊಂದು ಬಾಗಿ ನಿಂತ ಕಲ್ಲಿನ ಕಮಾನುಗಳ ನಡುವೆ ಮೆಟ್ಟಿಲುಗಳು ಏರಿಹೋಗುವುವು. ನ್ಯಾಯವನ್ನು ಬೇಡಿ ಬಂದವನು ಮುಂಬಾಗಿಲಿನ ತಗ್ಗಾದ ಕಮಾನುಗಳ ಕೆಳಗೆ ಹಾದು, ಈ ಸೋಪಾನವನ್ನು ಏರಿ, ನ್ಯಾಯಾಧೀಶರ ಸಭೆಗೆ ಹೋಗಬೇಕೆಂಬುದು ಯೋಜನೆ. ದೇಹವು ಏರುವಂತೆ ಮನಸ್ಸೂ ಏರಬೇಕೆಂಬುದೇ ಇಂಥ ವಿನ್ಯಾಸದ ಅಂತರಾರ್ಥ.

೪

ಹಿಂದಿನ ರಾಸ್ ಬೀದಿಯ ಆಚೆ ಸೆರೆಮನೆಯಿದೆ. ನಡುವೆ ಅಷ್ಟಕೋನದ ಒಂದು ಉನ್ನತವಾದ ಮಂಟಪ; ಅದರಿಂದ ಶಿಲುಬೆಯ ತೋಳುಗಳಂತೆ ಹೊರಟ ಸಾಲುಗಳಲ್ಲಿ ಕೋಣೆಗಳು. ನಡುವೆ ನಿಂತ ಕಾವಲುಗಾರನಿಗೆ ಎಲ್ಲ ತೋಳುಗಳೂ ಕಾಣಬೇಕೆಂಬುದು ಈ ಕ್ರಮದ ಉದ್ದೇಶ. ಇದನ್ನೆಲ್ಲ ಒಂದು ಪ್ರಚಂಡವಾದ ಪ್ರಾಕಾರವು ಸುತ್ತಿದೆ. ಅದರಲ್ಲಿ ಶಿಲ್ಪವಿಲ್ಲ, ಕುಸುರಿಯಿಲ್ಲ. ದೈತ್ಯಾಕಾರದ ಒರಟುಕಲ್ಲುಗಳು, ಬಾಗಿಲಿನ ಮೇಲೆ ಉದ್ದುದ್ದವಾದ ಕಮಾನುಗಲ್ಲುಗಳು, ಇಷ್ಟೇ. ಆದರೂ ಈ ಗೋಡೆಯನ್ನು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಅತ್ಯುತ್ತಮ ಕಲ್ಲುಕೆಲಸಗಳಲ್ಲಿ ಒಂದೆಂದು ಎಣಿಸುವರು. ಹೇಳಬೇಕಾದುದು ಒಂದೇ ಮಾತಾಗಿರುವಾಗ ಅದನ್ನು ಒಂದೇ ಸಲ ಹೇಳಿ ನಿಲ್ಲಿಸುವ ಸಂಯಮವು ಕಾವ್ಯದಲ್ಲಿ ಎಷ್ಟು ದುರ್ಲಭವೋ ವಾಸ್ತುವಿನಲ್ಲಿಯೂ ಅಷ್ಟೇ ದುರ್ಲಭ.

ನ್ಯಾಯಮಂದಿರವನ್ನೂ ಸೆರೆಮನೆಯನ್ನೂ ಬೀದಿಯ ಮೇಲೆ ಹಾದ ಒಂದು ಕಲ್ಲಿನ ಸೇತುವೆ ಕೂಡಿಸುವುದು. ವೆನಿಸ್ ನಗರದಲ್ಲಿ ದೊರೆಯ ಅರಮನೆಯಿಂದ ಕಾರಾಗೃಹಕ್ಕೆ ಹೋಗುವ ನಿಟ್ಟುಸಿರಿನ ಸೇತುವೆಯನ್ನು ನೆನೆದು ಇದಕ್ಕೂ ಆ ಹೆಸರನ್ನೇ ಇಟ್ಟರು. ತೀರ್ಪನ್ನು ಕೇಳಿದ ಅಪರಾಧಿಯು ಜನರ ಕಣ್ಣಿಗೆ ಬೀಳದೆ ಇದರ ಮೂಲಕ ಸೆರೆಗೆ ಸಾಗುತ್ತಿದ್ದನು. ತೀರ್ಪು ಮತ್ತು ಶಿಕ್ಷೆ ಎಂಬ ಎರಡು ಪದಗಳ ನಡುವಣ ಸಂಬಂಧವನ್ನು ಕಲ್ಲಿನಲ್ಲಿ ಬರೆದಂತೆ ಈ ಸೇತುವೆ ಇದೆ. ಇದನ್ನು ತೆಗೆದರೆ ಎರಡು ಕಟ್ಟಡಗಳೂ ಉಳಿದಾವು, ವಾಕ್ಯ ಮಾತ್ರ ಮುರಿದೀತು.

೫

ಇನ್ನು ಬಾಗಿಲಿನ ವಿಚಾರ. ಗುಡ್ಡದ ಏರು ವಾಹನಸಂಚಾರಕ್ಕೂ ವ್ಯಾಪಾರದ ವಿಸ್ತಾರಕ್ಕೂ ಅಡ್ಡಿಯೆಂದು ನಗರದವರು ಬಹುಕಾಲದಿಂದ ಗೊಣಗುತ್ತಿದ್ದರು. ಹಿಂದೆಯೂ ಅದನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿದ್ದುಂಟು. ೧೯೧೨-೧೩ರಲ್ಲಿ ಉಳಿದ ದಿಣ್ಣೆಯನ್ನು ಕಡಿದು ಗ್ರ್ಯಾಂಟ್ ಬೀದಿಯನ್ನು ಸುಮಾರು ಒಂದು ಅಂತಸ್ತಿನಷ್ಟು ಕೆಳಕ್ಕೆ ಇಳಿಸಿದರು. ಕಟ್ಟಡವನ್ನು ಯಾರೂ ಮುಟ್ಟಲಿಲ್ಲ. ಅದು ನಿಂತಿದ್ದ ನೆಲವೇ ಕಾಲ ಕೆಳಗಿನಿಂದ ಸರಿಯಿತು. ನೆಲಮಾಳಿಗೆಯ ಗೋಡೆಗಳು ಬಯಲಿಗೆ ಬಂದುವು. ರಿಚರ್ಡ್‌ಸನ್ನನ ಮಹಾದ್ವಾರವು ಬೀದಿಯಿಂದ ಬಹಳ ಮೇಲೆ ಉಳಿಯಿತು. ಅದನ್ನು ಮುಟ್ಟಲು ಹೊರಗೆ ಮೆಟ್ಟಿಲುಗಳನ್ನು ಕಟ್ಟಿದರು. ೧೯೨೦ರ ದಶಕದಲ್ಲಿ ಬೀದಿಯನ್ನು ಅಗಲಿಸಬೇಕಾಗಿ ಬಂದಾಗ ಆ ಮೆಟ್ಟಿಲುಗಳೂ ಹೋದುವು. ಹಿಂದಣ ನೆಲಮಾಳಿಗೆಯ ಮಟ್ಟದಲ್ಲಿ ಬಾಗಿಲುಗಳನ್ನು ತೆರೆದು ಅದನ್ನೇ ಪ್ರವೇಶಸ್ಥಾನವನ್ನಾಗಿ ಮಾಡಿದರು.

ಇದರ ಫಲವನ್ನು ಸ್ವಲ್ಪ ಪರ್ಯಾಲೋಚಿಸಬೇಕು. ಏರಿ ಬರಬೇಕಾದವನು ಈಗ ಸಾಮಾನುಗಳಿಗೂ ಯಂತ್ರಗಳಿಗೂ ಎಂದು ಉದ್ದೇಶಿಸಿದ್ದ ತಗ್ಗುಮಾಳಿಗೆಯ ಕಂಬಗಳ ನಡುವೆ ಹಾದು ಒಳಗೆ ಬರುವನು. ಮುಖಭಾಗದ ಪ್ರಮಾಣವೂ ಕೆಟ್ಟಿತು: ಅಗಲಕ್ಕೆ ಸರಿಯಾಗಿ ಅಳೆದಿಟ್ಟ ಎತ್ತರಕ್ಕೆ ಕೆಳಗಿನಿಂದ ಒಂದು ಅಂತಸ್ತು ಸೇರಿ, ನೆಲವನ್ನು ಅಪ್ಪಿ ಕುಳಿತಂತಿದ್ದ ಕಟ್ಟಡವು ಊರುಗಾಲ ಮೇಲೆ ನಿಂತಂತೆ ಕಾಣತೊಡಗಿತು. ವೃತ್ತವೊಂದರ ಆದಿಯಲ್ಲಿ ನಾಲ್ಕು ಅಕ್ಷರಗಳನ್ನು ಹೊಸದಾಗಿ ಸೇರಿಸಿದರೆ ಉಳಿದ ಅಕ್ಷರಗಳೆಲ್ಲ ಶುದ್ಧವಾಗಿದ್ದರೂ ಛಂದಸ್ಸು ಉಳಿಯುವುದೆ?

ಬೇರೆ ವಿಕಾರಗಳು ಹೀಗಿವೆ. ೧೯೦೪ರಿಂದ ಕೆಲವು ವರ್ಷಗಳ ಕಾಲ ಫ್ರೆಡರಿಕ್ ಆಸ್ಟರ್ಲಿಂಗ್ ಎಂಬ ಸ್ಥಳೀಯ ಸ್ಥಪತಿಯು ಸೆರೆಮನೆಯನ್ನು ವಿಸ್ತರಿಸಿದನು. ರಿಚರ್ಡ್‌ಸನ್ನನ ಶೈಲಿಯನ್ನು ಎಷ್ಟು ನಿಷ್ಠೆಯಿಂದ ಅನುಸರಿಸಿದನೆಂದರೆ ಸೇರಿದ ಭಾಗವನ್ನು ಗುರುತಿಸಲು ಬಲ್ಲವರಿಗೇ ಪ್ರಯಾಸ. ಹೊಗೆಯಿಂದ ಕಲ್ಲಿನ ಬಣ್ಣ ಕಪ್ಪಾಯಿತು. ನಗರವು ೧೯೪೧ರಲ್ಲಿ ಹೊಗೆಯ ನಿಯಂತ್ರಣಕ್ಕೆ ಶಾಸನವನ್ನು ಮಾಡಿ, ಯುದ್ಧಾನಂತರ ಅದನ್ನು ಜಾರಿಗೆ ತರುವವರೆಗೆ ಈ ಅನಿಷ್ಟಕ್ಕೆ ಪರಿಹಾರವಿರಲಿಲ್ಲ. ಮೋಟಾರುಗಳ ಕಾಲ ಬಂದ ಮೇಲೆ ಒಳಅಂಗಳವು ಬಂಡಿಗಳನ್ನು ನಿಲ್ಲಿಸುವ ತಾಣವಾಯಿತು. ಅನೇಕ ನ್ಯಾಯಸಭಾಂಗಣಗಳನ್ನು ವಿಭಾಗಿಸಿ, ಚಾವಣಿಗಳನ್ನು ತಗ್ಗಿಸಿ, ಮೊದಲಿನ ಮರಗೆಲಸವನ್ನು ಕಳೆದರು. ಸೆರೆಮನೆಯನ್ನು ಕೆಡವಬೇಕೆಂಬ ಮಾತೂ ಒಂದಕ್ಕಿಂತ ಹೆಚ್ಚು ಸಲ ಎದ್ದಿತು.

ಕೆಡವುವುದೆಂದರೆ ಏನೆಂಬುದಕ್ಕೆ ನಿದರ್ಶನವು ದೂರವಿರಲಿಲ್ಲ. ರಿಚರ್ಡ್‌ಸನ್ ಇದರ ಜೊತೆಗೆ ಹೆಸರಿಸಿದ ಚಿಕಾಗೋ ನಗರದ ಮಳಿಗೆಯನ್ನು ೧೯೩೦ರಲ್ಲಿ ನೆಲಸಮ ಮಾಡಿದರು. ಆರು ವರ್ಷಗಳ ತರುವಾಯ, ೧೯೩೬ರಲ್ಲಿ, ಹೆನ್ರಿ ರಸಲ್ ಹಿಚ್‌ಕಾಕ್ ಎಂಬ ವಿದ್ವಾಂಸನು ರಿಚರ್ಡ್‌ಸನ್ನನ ಕೃತಿಗಳ ಮೇಲೆ ಪ್ರಮಾಣಗ್ರಂಥವನ್ನು ಪ್ರಕಟಿಸಿದನು. ಗ್ರಂಥವು ಬರುವ ವೇಳೆಗೆ ಕೃತಿಯು ಛಾಯಾಚಿತ್ರಗಳಲ್ಲಿ ಮಾತ್ರ ಉಳಿದಿತ್ತು. ಪಾಂಡಿತ್ಯವು ತಡವಾಗಿ ಬಂದರೆ ಅದಕ್ಕೆ ಉಳಿಯುವುದು ಚರಮಗೀತೆಯ ಕೆಲಸವೊಂದೇ.

೬

ಪಿಟ್ಸ್‌ಬರ್ಗಿನಲ್ಲಿ ಹಾಗಾಗಲಿಲ್ಲ. ೧೯೬೪ರಲ್ಲಿ ಜೇಮ್ಸ್ ವ್ಯಾನ್ ಟ್ರಂಪ್, ಆರ್ಥರ್ ಜೀಗ್ಲರ್ ಮೊದಲಾದವರು ನಗರದ ಚರಿತ್ರೆಗೂ ಸ್ಮಾರಕಗಳಿಗೂ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ವ್ಯಾನ್ ಟ್ರಂಪನು ಬಹುಕಾಲ ಈ ಕಟ್ಟಡವನ್ನು ಅಭ್ಯಾಸಮಾಡಿ ೧೯೮೮ರಲ್ಲಿ, ಅದರ ಶತಮಾನೋತ್ಸವದ ವರ್ಷದಲ್ಲಿ, ಕೌಂಟಿಯ ನ್ಯಾಯಮಂದಿರಗಳ ಚರಿತ್ರೆಯನ್ನು ಗ್ರಂಥರೂಪದಲ್ಲಿ ಕೊಟ್ಟನು. ೧೯೭೩ರಲ್ಲಿ ಕಟ್ಟಡವು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿತು. ೧೯೭೬ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಹೆಚ್ಚಿನ ಪದವಿ ದೊರೆಯಿತು. ೧೯೭೦ರ ದಶಕದಲ್ಲಿಯೇ ಅಂಗಳದಿಂದ ಬಂಡಿಗಳನ್ನು ಹೊರಡಿಸಿ, ಕಾರಂಜಿಯನ್ನೂ ಮರಗಳನ್ನೂ ಇಟ್ಟು, ಜನರು ಕುಳಿತುಕೊಳ್ಳುವ ಉದ್ಯಾನವನ್ನಾಗಿ ಮಾಡಿದರು. ನ್ಯಾಯಸಭಾಂಗಣವೊಂದನ್ನು ಆಧಾರಗಳ ಸಹಾಯದಿಂದ ಮೊದಲಿನ ರೂಪಕ್ಕೆ ತಂದರು.

ಕಠಿನವಾದ ಪ್ರಶ್ನೆಯು ಸೆರೆಮನೆಯದು. ೧೯೯೫ರಲ್ಲಿ ಹೊಸ ಸೆರೆಮನೆ ಬೇರೆಡೆ ಸಿದ್ಧವಾಗಿ ಹಳೆಯದು ಬರಿದಾಯಿತು. ಉಪಯೋಗವಿಲ್ಲದ ಕಟ್ಟಡವು ಹೆಚ್ಚು ಕಾಲ ಬದುಕಲಾರದು. ಮತ್ತೆ ಸೆರೆಮನೆಯಾಗಲು ಅದು ಯೋಗ್ಯವಲ್ಲ, ಆಗಲೂ ಬಾರದು. ಕೊನೆಗೆ ೨೦೦೦ದ ಸುಮಾರಿಗೆ ಅದನ್ನು ಕುಟುಂಬ ನ್ಯಾಯಾಲಯವನ್ನಾಗಿ ಮಾರ್ಪಡಿಸಿದರು. ಕೋಣೆಗಳ ಸಾಲುಗಳನ್ನು ತೆಗೆದುಹಾಕಿ ಹೊಸ ಅಂತಸ್ತುಗಳನ್ನು ಒಳಗೆ ಕಟ್ಟಿದರು. ಅಷ್ಟಕೋನದ ಮಂಟಪವನ್ನೂ ಹೊರಗಿನ ಪ್ರಾಕಾರವನ್ನೂ ಸೇತುವೆಯನ್ನೂ ಉಳಿಸಿದರು. ಕೋಣೆಗಳ ಒಂದು ಸಣ್ಣ ಭಾಗವನ್ನು ನೋಡುವವರಿಗಾಗಿ ಹಾಗೆಯೇ ಬಿಟ್ಟರು.

ಇದರಲ್ಲಿ ನಷ್ಟವಿಲ್ಲವೆಂದು ಹೇಳುವಂತಿಲ್ಲ. ಸೆರೆಮನೆಯ ಸತ್ಯವು ಅದರ ಕೋಣೆಗಳಲ್ಲಿತ್ತು. ಅಲ್ಲಿ ನೂರಕ್ಕೂ ಮಿಗಿಲಾದ ವರ್ಷಗಳ ಕಾಲ ಮನುಷ್ಯರು ಕಳೆದ ಹಗಲಿರುಳುಗಳನ್ನು ಹೇಳಲು ಇಂದು ಒಂದು ತುಣುಕು ಮಾತ್ರ ಉಳಿದಿದೆ. ಗೋಡೆಯ ಗಾಂಭೀರ್ಯವನ್ನು ಕೊಂಡಾಡುವವರು ಅದು ಯಾರನ್ನು ಒಳಗಿಟ್ಟಿತ್ತೆಂಬುದನ್ನು ಮರೆಯಲು ಈ ಮಾರ್ಪಾಟು ಅವಕಾಶವೀಯುವುದೆಂದು ಆಕ್ಷೇಪಿಸಬಹುದು. ಆಕ್ಷೇಪಣೆ ಯುಕ್ತವಾದುದೇ. ಆದರೆ ಇನ್ನೊಂದು ಪಕ್ಷವನ್ನೂ ತೂಗಬೇಕು. ಕೋಣೆಗಳೆಲ್ಲವನ್ನೂ ಇಟ್ಟುಕೊಂಡು ಪ್ರದರ್ಶನಾಲಯ ಮಾಡಿದ್ದರೆ ಅದನ್ನು ಪೋಷಿಸುವ ವೆಚ್ಚವು ವರ್ಷವರ್ಷವೂ ಚರ್ಚೆಗೆ ಬರುತ್ತಿತ್ತು; ಒಂದಲ್ಲ ಒಂದು ವರ್ಷ ಚರ್ಚೆ ಸೋಲುತ್ತಿತ್ತು. ಈಗ ನ್ಯಾಯಮಂದಿರವೂ ಪ್ರಾಕಾರವೂ ಒಂದೇ ಕಾರ್ಯದ ಎರಡು ಅಂಗಗಳಾಗಿ ಬದುಕಿವೆ.

೭

ಮೇಲಿನ ವೃತ್ತಾಂತದಿಂದ ಮೂರು ವಿಧದ ಪಾಠಭೇದಗಳನ್ನು ವಿಂಗಡಿಸಬಹುದು. ಅಂಗಳದಲ್ಲಿ ನಿಂತ ಬಂಡಿಗಳು ಲಿಪಿಕಾರನ ಕೈತಪ್ಪಿನಂಥವು: ಅಳಿಸಿದರೆ ಮೂಲವು ಹಾಗೆಯೇ ತೋರುವುದು, ಅಳಿಸುವುದರಲ್ಲಿ ಅನುಮಾನ ಬೇಡ. ಸೆರೆಮನೆಯ ಒಳಗಿನ ಮಾರ್ಪಾಟು ಪ್ರತಿಯನ್ನು ಉಳಿಸುವುದಕ್ಕಾಗಿ ತೆತ್ತ ಬೆಲೆ: ಅದನ್ನು ಬೆಲೆಯೆಂದೇ ಒಪ್ಪಿಕೊಳ್ಳಬೇಕು, ಶೋಧನೆಯೆಂದು ಕರೆಯಬಾರದು. ತಗ್ಗಿದ ಬೀದಿಯಾದರೋ ಮೂರನೆಯ ಬಗೆ; ಅದು ಕಟ್ಟಡದಲ್ಲಿ ಆದ ಬದಲಾವಣೆಯೇ ಅಲ್ಲ, ಕಟ್ಟಡದ ಸುತ್ತಣ ಊರಿನಲ್ಲಿ ಆದುದು. ಮತ್ತೆ ಗುಡ್ಡವನ್ನು ಕಟ್ಟಲಾಗದು. ಕಳೆದುಹೋದ ಹೊರಮೆಟ್ಟಿಲನ್ನು ಪುನಃ ನಿರ್ಮಿಸಿದರೂ ಅದು ಸ್ಥಪತಿಯ ಪಾಠವಾಗದು. ಅವನು ಯಾವ ಮೆಟ್ಟಿಲನ್ನೂ ಅಷ್ಟು ಎತ್ತರಕ್ಕೆ ಯೋಚಿಸಿರಲಿಲ್ಲ. ಇಂಥಲ್ಲಿ ಸಂಪಾದಕನು ಮಾಡತಕ್ಕದ್ದು ಒಂದೇ: ಇರುವ ಪಾಠವನ್ನು ಇದ್ದಂತೆ ಮುದ್ರಿಸಿ, ಮೂಲ ಹೇಗಿತ್ತೆಂಬುದನ್ನು ಅಡಿಯಲ್ಲಿ ಸ್ಪಷ್ಟವಾಗಿ ತಿಳಿಸುವುದು.

ಕಟ್ಟಡಗಳನ್ನು ಕಾಯುವ ಶಾಸನಗಳು ಸಾಮಾನ್ಯವಾಗಿ ಗೋಡೆಗಳನ್ನು ಕಾಯುತ್ತವೆ. ಗೋಡೆಗೂ ನೆಲಕ್ಕೂ, ಬಾಗಿಲಿಗೂ ಬೀದಿಗೂ ಇರುವ ಸಂಬಂಧವನ್ನು ಕಾಯುವುದು ಅಪರೂಪ. ೧೯೧೩ರ ಪಿಟ್ಸ್‌ಬರ್ಗಿನಲ್ಲಿ ಕಟ್ಟಡಕ್ಕೆ ಹಾನಿಮಾಡಿದೆವೆಂದು ಯಾರೂ ಭಾವಿಸಿರಲಾರರು. ಏಕೆಂದರೆ ಅವರು ತೆಗೆದುದು ಮಣ್ಣನ್ನು, ಕಲ್ಲನ್ನಲ್ಲ. ರಿಚರ್ಡ್‌ಸನ್ನನ ಮಾದರಿಯು ಅಷ್ಟರಲ್ಲಿ ಉತ್ತರ ಅಮೆರಿಕದ ತುಂಬ ಹಬ್ಬಿತ್ತು. ಮಿನಿಯಾಪೊಲಿಸ್ಸಿನ ಪುರಭವನವೂ ೧೮೯೯ರಲ್ಲಿ ಮುಗಿದ ಟೊರಾಂಟೋವಿನ ಹಳೆಯ ಪುರಭವನವೂ ಅದರ ಸಂತತಿಯೇ ಆಗಿವೆ. ಮಕ್ಕಳು ನೆಲದ ಮೇಲೆ ನಿಂತಿರುವಾಗ ತಾಯಿಯ ಕಾಲ ಕೆಳಗಿನ ನೆಲ ಮಾತ್ರ ಜಾರಿತು. ಇಂದು ಗ್ರ್ಯಾಂಟ್ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಹಿಂದಣ ಮಹಾದ್ವಾರದ ಕಮಾನುಗಳು ಕಾಣುವುವು. ಅವು ಹಾಳಾಗಿಲ್ಲ; ಆದರೆ ಯಾರೂ ಅವುಗಳ ಮೂಲಕ ಒಳಗೆ ಬರುವುದಿಲ್ಲ.